ಕೂಸಿನ ಮೊದಲ ಮೀನು, ಲಕ್ಕಮ್ಮನ ಮೀನಮೇಷ

ಕೆರೆಯಲ್ಲಿ ಬಲೆ ಬಿದ್ದ ದಿನ ಆ ಊರಿನ ಎಲ್ಲ ಮನೆಗಳದೂ ಒಂದೇ ವಾಸನೆ. ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಊರು ಅದು. ಏರಿಯ ಮೇಲೆ ತಕ್ಕಡಿ ಕಂಡರೆ ಸಾಕು, ಬೀದಿಯುದ್ದಕ್ಕೂ ಹುಣಸೆಹುಳಿ ಕುದಿಯುತ್ತದೆ, ಮುದ್ದೆಗೆ ಎಸರು ಏರುತ್ತದೆ. ಲಕ್ಕಮ್ಮನ ಮನೆಯಲ್ಲಿ ಮಾತ್ರ ಅಂದೂ ಹುರುಳಿಕಾಳಿನ ಸಾರೇ. ಅದಕ್ಕೊಂದು ಕಾರಣವಿತ್ತು, ಹುರುಳಿರುವ ಕಾರಣವೇ.

ಲಕ್ಕಮ್ಮನ ಮಗ ಚಂದ್ರಶೇಖರನಿಗೆ ಮೀನು ಆಗುವುದಿಲ್ಲ. ಅವನು ಓಡಾಡಲು ಕಲಿತ ಹೊಸದರಲ್ಲಿ ನಂಟರ ಮನೆಯಲ್ಲಿ ಯಾರೋ ಒಂದು ತುಂಡು ಬಾಯಿಗಿಟ್ಟಿದ್ದರು. ನೋಡುನೋಡುತ್ತ ತುಟಿ ಬದನೆಕಾಯಿಯಂತೆ ಊದಿತು, ಮೈತುಂಬ ದದ್ದು ಎದ್ದಿತು, ಎದೆಯಿಂದ ಸೀಟಿ ಊದಿದಂಥ ಸದ್ದು ಬರತೊಡಗಿತು. ಲಕ್ಕಮ್ಮ ಮಗನನ್ನು ಅವಚಿಕೊಂಡು ರಸ್ತೆಗೆ ಓಡಿ, ಬಂದ ಲಾರಿಗೆ ಅಡ್ಡ ನಿಂತು, ಆಸ್ಪತ್ರೆ ಮುಟ್ಟಿಸಿದ್ದಳು. ಸೂಜಿ ಚುಚ್ಚಿದ ಮೇಲೆ ಉಸಿರು ತಿರುಗಿತು. ಆವತ್ತಿನಿಂದ ಅವಳ ಹೊಸಿಲನ್ನು ಒಂದು ಮೀನೂ ದಾಟಿರಲಿಲ್ಲ.

ಈಗ ಆ ಮಗನಿಗೊಬ್ಬಳು ಮಗಳು. ಏಳು ತಿಂಗಳು ತುಂಬಿದೆ. ಹೆಸರು ನಿಹಾರಿಕಾ. ಲಕ್ಕಮ್ಮನ ನಾಲಗೆಗೆ ಅಷ್ಟೊಂದು ತಿರುವು ಹಿಡಿಸದೆ ಅದು ನೀರಕ್ಕ ಎಂದಾಗಿದೆ.

ನೀರಕ್ಕನಿಗೆ ತಾಯಿಹಾಲಿನ ಜೊತೆ ಮೇಲೂಟ ಶುರುವಾಗಿತ್ತು. ಮೇಲೂಟ ಎಂದರೆ ಬೆಳಗ್ಗೆ ರಾಗಿ ಸರಿ, ಸಂಜೆ ರಾಗಿ ಸರಿ. ಅಪರೂಪಕ್ಕೆ ಬೇಳೆಕಟ್ಟು, ಬೇಯಿಸಿದ ಮೊಟ್ಟೆ. ಲಕ್ಕಮ್ಮನ ಪ್ರಕಾರ ಸರಿ ಒಂದೇ ಸರಿ, ಮಿಕ್ಕಿದ್ದೆಲ್ಲ ತಪ್ಪು. ಆದರೆ ಅಂಗನವಾಡಿಯಲ್ಲಿ ತೂಗಿದಾಗ ಹೋದ ಸಲದ ತೂಕಕ್ಕಿಂತ ಮುಳ್ಳು ಮೇಲೇರಲೇ ಇಲ್ಲ. ಕೂಸಿಗೆ ಬೇಳೆ, ಸೊಪ್ಪು, ಮೊಟ್ಟೆ ದಿನಾ ಬೇಕು, ಮೀನು ತಿನ್ನುವವರಾದರೆ ಮೀನೂ ಕೊಡಬಹುದು, ಆದರೆ ತಂದೆಗೆ ಆಗದ ಮನೆಯಾದ್ದರಿಂದ ಡಾಕ್ಟರನ್ನು ಕೇಳಿಯೇ ಕೊಡಿ ಎಂದು ಟೀಚರಮ್ಮ ಹೇಳಿದರು. ಮನೆಗೆ ಬಂದ ಲಕ್ಕಮ್ಮ ಸೆರಗನ್ನು ಹೆಗಲಿಗೆ ಬಿಗಿದು, ಮೂಗಿನಲ್ಲೇ ದನಿ ಹೊರಡಿಸಿ, ಟೀಚರಮ್ಮನ ಹಾಗೇ ಕತ್ತು ಕೊಂಕಿಸಿ, "ಮಗುವಿಗೆ ವೈವಿಧ್ಯಮಯ ಆಹಾರ ಕೊಡ್ರಮ್ಮಾ" ಎಂದು ಆಡಿ ತೋರಿಸಿದಳು. ಮಗ ನಕ್ಕ. ಸೊಸೆ ವನಜಾಕ್ಷಿ ನಗಲಿಲ್ಲ.

ಹೀಗೆ ಬಲೆ ಬಿದ್ದ ಒಂದು ದಿನ ಇನ್ನೊಂದು ನಡೆಯಿತು. ಪಕ್ಕದ ಮನೆಯ ಸಣ್ಣರಂಗಯ್ಯನಿಗೆ ಕೂಸುಗಳೆಂದರೆ ಪ್ರಾಣ. ಜಗಲಿಯ ಮೇಲೆ ಊಟಕ್ಕೆ ಕೂತವನು, ಎದುರಿಗೆ ವನಜಾಕ್ಷಿಯ ಕಂಕುಳಲ್ಲಿ ಬಾಯಿ ಚಪ್ಪರಿಸುತ್ತಿದ್ದ ನೀರಕ್ಕನನ್ನು ಕಂಡು, ಮೀನಿನ ಸಾರಲ್ಲಿ ಅದ್ದಿದ ಬೆರಳನ್ನು ಮುದ್ದಿನಿಂದ ಅದರ ತುಟಿಗೆ ತಂದ. ವನಜಾಕ್ಷಿ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. ಒಂದು ಕಡ್ಡಿಯಷ್ಟು ದೂರ ಉಳಿದಿತ್ತು. ಮುದುಕ ಪೆಚ್ಚಾದ. ಹೊಸಿಲ ಒಳಗಿಂದ ನೋಡುತ್ತಿದ್ದ ಲಕ್ಕಮ್ಮ ಓಡಿಬಂದು ಕೂಸಿನ ತುಟಿಯನ್ನು ಸೆರಗಿನಿಂದ ಒರೆಸಿದಳು.

ಒಳಗೆ ಬಂದ ಮೇಲೆ ವನಜಾಕ್ಷಿ ದನಿ ಏರಿಸದೆ ಹೇಳಿದಳು.

"ಅತ್ತೆ, ಇವ್ಳು ಅಪ್ಪನ ಮೂಗು ತಂದವ್ಳೆ. ಮೀನು ಆಗದಿರೋದ್ನೂ ತಂದವ್ಳೋ ಇಲ್ವೋ, ನಮಗ್ಯಾರ್ಗೂ ಗೊತ್ತಿಲ್ಲ. ಈ ಊರಾಗೆ ಎಷ್ಟು ಕೈ ಅಂತ ಹಿಡ್ಕಳನ? ನಾನು ನೀರು ತರಕ್ಕೆ ಹೋದಾಗ ಯಾರಾನ ತಿನ್ನಿಸ್ಬುಟ್ರೆ? ಯಾರೂ ಇಲ್ದಾಗ ಗೊತ್ತಾಗೋದ್ಕಿಂತ, ಎಲ್ರೂ ಇದ್ದಾಗ, ಡಾಕ್ಟ್ರನ್ನ ಕೇಳ್ಕಂಡು, ನಾವೇ ತಿಳ್ಕಂಡ್ರೆ ಆಗಲ್ವಾ?"

ಲಕ್ಕಮ್ಮ ಸೆರಗು ಕೊಡವಿ ಎದ್ದಳು. ಕೆರೆ ಏರಿಯ ಕಡೆಗೆ ನಡೆದಳು.

ಏರಿಯ ಮೇಲೆ ತಕ್ಕಡಿ ಹಿಡಿದು ಕೂತಿದ್ದವಳು ತರನ್ನುಮ್. ಶಿರಾದವಳು. ಅವಳ ಗಂಡ ಯಾಸೀನ್ ಕೆರೆಯ ಮೀನಿನ ಗುತ್ತಿಗೆ ಹಿಡಿದ ಮೇಲೆ ಇದೇ ಊರಲ್ಲಿ ಮನೆ ಮಾಡಿದ್ದರು. ಅವಳ ಚಿಕ್ಕ ಮಗನಿಗೆ ಮೊಟ್ಟೆ ಆಗುವುದಿಲ್ಲ. ಅದು ಗೊತ್ತಾದ ದಿನ ಅವಳೂ ಆಸ್ಪತ್ರೆಗೆ ಓಡಿದವಳೇ. ಅಂದಿನಿಂದ ಯಾವುದನ್ನು ಹೇಗೆ ತಿನ್ನಿಸಬೇಕು, ತಿನ್ನಿಸಿ ಹೇಗೆ ಕಾಯಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಲಕ್ಕಮ್ಮ ಸಂಗತಿ ಹೇಳಿ, ಕೊನೆಗೆ ತನ್ನ ಅನುಮಾನವನ್ನೂ ಮುಚ್ಚಿಡದೆ ಸೇರಿಸಿದಳು.

"ಮೀನು ಮಾರೋಳ್ನ ಕೇಳಿದ್ರೆ ಮೀನು ಕೊಡ್ಬ್ಯಾಡ ಅಂತೀಯಾ ನೀನು?"

"ವ್ಯಾಪಾರ ನೋಡಿದ್ರೆ ಅರ್ಧ ಕೇಜಿ ಹೇಳ್ತಿದ್ದೆ ಲಕ್ಕಮ್ಮಾ. ನಾ ಹೇಳೋದು ಕಡ್ಲೆಕಾಳು ಗಾತ್ರ. ಅದೂ ಇವತ್ತಲ್ಲ. ಮೊದ್ಲು ಡಾಕ್ಟ್ರ ಹತ್ರ ಹೋಗಿ. ಅಪ್ಪಂಗೆ ಆಗಲ್ಲ ಅಂದ್ಮೇಲೆ ನಾನು ನೀನು ಕೂತು ಮಾತಾಡೋ ವಿಷ್ಯ ಅಲ್ಲ ಇದು."

ತಕ್ಕಡಿ ಹಿಡಿದವಳ ಮಾತು ತೂಕವಾಗಿಯೇ ಇತ್ತು. ಆದರೂ ಲಕ್ಕಮ್ಮ ಇನ್ನೊಂದು ಕೊಕ್ಕೆ ಹಾಕಿದಳು. ಮುಳ್ಳಿನ ಗತಿಯೇನು? ಅವಳ ಲೆಕ್ಕದಲ್ಲಿ ಮುಳ್ಳಿಗೆ ಮುದ್ದೆಯೇ ಮದ್ದು. ಗಂಟಲಲ್ಲಿ ಸಿಕ್ಕಿದರೆ ಒಂದು ತುತ್ತು ಮುದ್ದೆ ನುಂಗಿದರಾಯಿತು. ತರನ್ನುಮ್ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. ದೊಡ್ಡವರೂ ಹಾಗೆ ಮಾಡಬಾರದಂತೆ, ಮುಳ್ಳು ಇನ್ನೂ ಒಳಕ್ಕೆ ನಾಟಿಕೊಳ್ಳುತ್ತದಂತೆ. ಇನ್ನು ಹಲ್ಲೇ ಬರದ ಕೂಸಿಗಂತೂ ಮುದ್ದೆಯೂ ಗಂಟಲಿಗೆ ಅಡ್ಡ, ಮುಳ್ಳೂ ಅಡ್ಡ. ಕೊಡುವ ಚೂರನ್ನು ಬೆರಳುಗಳ ನಡುವೆ ಉಜ್ಜಿ ಉಜ್ಜಿ ನೋಡಬೇಕು, ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತದೆ ಎಂದಳು.

ಮಧುಗಿರಿಯ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಮ್ಮ ಕೂಸನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚರ್ಮದಲ್ಲಿ ಕಜ್ಜಿ, ಇಸುಬು ಇಲ್ಲ. ಮೊಟ್ಟೆ ತಿಂದು ಏನೂ ಆಗಿಲ್ಲ. ತಂದೆಗೆ ಮೀನು ಆಗದಿದ್ದರೆ ಮಕ್ಕಳಿಗೂ ಆಗಬಾರದೆಂದೇನೂ ಇಲ್ಲ, ಆದರೆ ಎಚ್ಚರ ಬೇಕು ಎಂದರು. ಕೂಸು ಚೆನ್ನಾಗಿರುವ ದಿನ, ಬೆಳಗಿನ ಹೊತ್ತು, ಆಸ್ಪತ್ರೆಗೆ ಹೋಗಲು ದಾರಿ ಮಾಡಿಟ್ಟುಕೊಂಡು ಕೊಡಿ. ಉಪ್ಪು, ಖಾರ, ಎಣ್ಣೆ ಬೇಡ. ಆ ದಿನ ಹೊಸದು ಅದೊಂದೇ ಇರಲಿ. ಆಮೇಲೆ ಎರಡು ಗಂಟೆ ಕಣ್ಣು ತೆಗೆಯಬೇಡಿ. ತುಟಿ, ಕಣ್ಣು ಊದಿದರೆ, ದದ್ದು ಎದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಕೆಮ್ಮಿದರೆ, ಉಸಿರಿಗೆ ಒದ್ದಾಡಿದರೆ, ಕೂಸು ಸೋತು ಜೋಲಿದರೆ, ಒಂದು ಗಳಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ವನಜಾಕ್ಷಿ ತಲೆಯಾಡಿಸುತ್ತ ಕೇಳಿದಳು. ಲಕ್ಕಮ್ಮನಿಗೆ ಊದಿದರೆ ಎಂಬುದೊಂದೇ ಕಿವಿಗೆ ಬಿತ್ತು.

ಗೊತ್ತು ಮಾಡಿದ ಬೆಳಗ್ಗೆ ತರನ್ನುಮ್ ಹಿಡಿದ ಕೂಡಲೇ ತಂದ ಕಾಟ್ಲಾ ಮೀನಿನ ಹೊಟ್ಟೆಯ ಭಾಗ ಕೊಟ್ಟಳು. ಅಲ್ಲಿನ ಮುಳ್ಳು ದಪ್ಪ, ಬೇಗ ಸಿಗುತ್ತವೆ. ಚಂದ್ರಶೇಖರನಿಗೆ ಬೇಯುವ ಆವಿಯೂ ಒಗ್ಗದು. ಆದ್ದರಿಂದ ತರನ್ನುಮಳ ಮನೆಯಲ್ಲೇ ಆವಿಯಲ್ಲಿ ಬೇಯಿಸಿ, ತೊಗಲು ಸುಲಿದು, ಎಸಳೆಸಳು ಬಿಡಿಸಿ, ವನಜಾಕ್ಷಿ ಬೆರಳಿನಿಂದ ಉಜ್ಜಿದಳು. ಒಂದು ಮುಳ್ಳು ಸಿಕ್ಕಿತು. ಮತ್ತೆ ಮೊದಲಿಂದ ಉಜ್ಜಿದಳು. ಬಟ್ಟಲನ್ನು ಮನೆಗೆ ತಂದಾಗ ಚಂದ್ರಶೇಖರ್ ಡೇರಿಯ ಕೆಲಸಕ್ಕೆ ರಜೆ ಹಾಕಿ, ಬೀದಿಯ ಆ ತುದಿಯಲ್ಲಿ ಫೋನ್ ಹಿಡಿದು ನಿಂತಿದ್ದ.

ರಾಗಿ ಸರಿಯಲ್ಲಿ ಬೆರೆಸಿದ ಕಡಲೆಕಾಳಿನಷ್ಟು ಮೀನು ನೀರಕ್ಕನ ಬಾಯಿಗೆ ಹೋಯಿತು. ನಾಲಗೆ ಒಮ್ಮೆ ಹೊರಗೆ ತಳ್ಳಿತು, ಒಮ್ಮೆ ಒಳಗೆ ಎಳೆಯಿತು, ಆಮೇಲೆ ನುಂಗಿತು. ಜೊತೆಗೇ ಬಂದಿದ್ದ ತರನ್ನುಮ್ ಗೋಡೆಗೊರಗಿ ಕೂಸಿನ ಮುಖವನ್ನೇ ನೋಡುತ್ತಿದ್ದಳು. ಕೂಸು ತನ್ನ ಕಾಲಿನ ಹೆಬ್ಬೆರಳನ್ನು ಹುಡುಕುತ್ತಿತ್ತು.

ಅರ್ಧ ಗಂಟೆ ಕಳೆದಿರಬೇಕು. ಬಾಗಿಲಲ್ಲಿ ಅಕ್ಕಪಕ್ಕದವರು ಇಣುಕತೊಡಗಿದರು. ಮೀನು ತಿಂತಂತಾ, ಏನಾತು, ಕೂಸು ಮೈಕೈ ತುಂಬ್ಕಂಡೈತಲ್ಲ ಎಂದೆಲ್ಲ ವಿಚಾರಣೆ. ಇಷ್ಟು ಜನರ ಕಣ್ಣು ಬಿದ್ದ ಮೇಲೆ ಲಕ್ಕಮ್ಮನಿಂದ ಸುಮ್ಮನಿರಲಾಗಲಿಲ್ಲ. ಜನರನ್ನು ಸಾಗಹಾಕಿ, ಅಡುಗೆಮನೆಗೆ ಹೋಗಿ ಒಂದು ಹಿಡಿ ಉಪ್ಪು, ನಾಲ್ಕಾರು ಒಣಮೆಣಸಿನಕಾಯಿ ತಂದಳು. ಭಯಕ್ಕೆ ಮುಷ್ಟಿ ಬಿಗಿದು ಮೆಣಸಿನಕಾಯಿ ಪುಡಿಪುಡಿಯಾದದ್ದು ಅವಳಿಗೇ ತಿಳಿಯಲಿಲ್ಲ. ನಾಯಿ ಕಣ್ಣು, ನರಿ ಕಣ್ಣು, ನಂಟರ ಕಣ್ಣು ಎಂದು ಗೊಣಗುತ್ತ ಕೂಸಿಗೆ ನೀವಾಳಿಸಿ, ಒಲೆಗೆ ಎಸೆದಳು. ಬಂದವಳೇ ಕೂಸಿನ ಜೊಲ್ಲನ್ನು ಅದೇ ಅಂಗೈಯಿಂದ ಪ್ರೀತಿಯಿಂದ ಒರೆಸಿದಳು.

ನೀರಕ್ಕ ಮುಖ ಕಿವುಚಿತು. ಆಮೇಲೆ ಕಿರುಚಿತು. ಬಾಯಿಯ ಸುತ್ತ, ಗಲ್ಲ, ಕೆನ್ನೆ ಕೆಂಪೇರಿದವು. ಅತ್ತು ಅತ್ತು ತಿಂದದ್ದನ್ನು ಕಕ್ಕಿತು.

"ಬಂತು," ಎಂದಳು ಲಕ್ಕಮ್ಮ. "ಅವ್ರಪ್ಪಂಗೆ ಬಂದಂಗೇ ಬಂತು. ಬ್ಯಾಡ ಅಂತ ಬಡ್ಕಂಡೆ."

ವನಜಾಕ್ಷಿ ಕೂಸನ್ನು ಕಂಕುಳಿಗೆ ಎತ್ತಿಕೊಂಡಳು. ಬಾಗಿಲಿಗೆ ಓಡಿ ಕೈ ಬೀಸಿದಳು. ಚಂದ್ರಶೇಖರ್ 108ಕ್ಕೆ ಫೋನ್ ಮಾಡಿದ. ಮತ್ತೆ ಬಾಗಿಲಿಗೆ ಮುತ್ತಿದವರಲ್ಲಿ ಯಾರೋ ಮಜ್ಜಿಗೆ ಕುಡಿಸಿ ಎಂದರು, ಯಾರೋ ಬಾಯಿಗೆ ಬೆರಳಿಟ್ಟು ಇನ್ನಷ್ಟು ಕಕ್ಕಿಸಿ ಎಂದರು. ಸಣ್ಣರಂಗಯ್ಯ ಜೇನುತುಪ್ಪದ ಸೀಸೆಯನ್ನೇ ತಂದ. ತರನ್ನುಮ್ ಬಾಗಿಲಿಗೆ ಅಡ್ಡ ನಿಂತಳು.

"ಯಾರೂ ಏನೂ ಬಾಯಿಗೆ ಹಾಕ್ಬೇಡಿ. ವನಜಾ, ಉಸಿರು ನೋಡು. ಸದ್ದು ಬರ್ತಿದ್ಯಾ?"

"ಇಲ್ಲ. ಅಳ್ತಾನೇ ಅವ್ಳೆ."

"ಅಳ್ಲಿ. ಅಳೋ ಕೂಸು ಉಸಿರಾಡ್ತಿದೆ ಅಂತ ಅರ್ಥ. ಅಳು ನಿಂತು ಮೆತ್ಗಾದ್ರೆ ಹೇಳು ನಂಗೆ."

ಆಂಬುಲೆನ್ಸು ಬಂದಿತು. ಮುಂದೆ ಡ್ರೈವರನ ಪಕ್ಕ ಚಂದ್ರಶೇಖರ್ ಹತ್ತಿದ, ಹಿಂದೆ ವನಜಾಕ್ಷಿ ಕೂಸನ್ನು ಎದೆಗವಚಿ ಕೂತಳು, ಎದುರಿಗೆ ಲಕ್ಕಮ್ಮ. ಒಳಗಿದ್ದ ನರ್ಸು ಹುಡುಗ ಕೂಸಿನ ಅಂಗಿ ಬಿಚ್ಚಿ ಹೊಟ್ಟೆ, ಬೆನ್ನು, ತೊಡೆ ನೋಡಿದ, ಎಲ್ಲೂ ದದ್ದಿಲ್ಲ. ಬೆರಳಿಗೆ ಕ್ಲಿಪ್ಪು ಹಾಕಿ ಉಸಿರನ್ನೇ ಗಮನಿಸುತ್ತ ಕೂತ. ಲಕ್ಕಮ್ಮನಿಗೆ ಹಳೆಯ ಲಾರಿ ನೆನಪಾಗಿ ಕಣ್ಣು ತುಂಬಿ ಬಂತು. ಅಂಗೈಯಿಂದ ಒರೆಸಿಕೊಂಡಳು.

ಕಣ್ಣಿಗೆ ಕೆಂಡ ತಾಗಿದಂತಾಯಿತು.

ಒಂದು ಕಣ್ಣು ಮುಚ್ಚಿಕೊಂಡೇ ಅವಳು ತನ್ನ ಅಂಗೈಯನ್ನು ನೋಡಿದಳು. ಉಗುರ ಸಂದಿಯಲ್ಲಿ ಮೆಣಸಿನಕಾಯಿಯ ಚೂರು ಅಂಟಿತ್ತು. ಕೂಸಿನ ಮುಖವನ್ನು ನೋಡಿದಳು. ಕೆಂಪಾದದ್ದು ಅವಳ ಕೈ ಆಡಿದಷ್ಟೇ ಜಾಗ.

ಲಕ್ಕಮ್ಮ ಮುಷ್ಟಿ ಮುಚ್ಚಿ ಸೆರಗಿನೊಳಗೆ ಇಟ್ಟುಕೊಂಡಳು. ಸುಮ್ಮನಿದ್ದರೆ ಗೆದ್ದವಳು ತಾನೇ. ಮೀನು ಆಗುವುದಿಲ್ಲ ಎಂದು ತಾನು ಹೇಳಿದ್ದೇ ನಿಜವಾಗುತ್ತದೆ. ಇನ್ನು ಮೇಲೆ ಆ ಮನೆಯಲ್ಲಿ ಮೀನಿನ ಮಾತೆತ್ತುವವರಿರುವುದಿಲ್ಲ. ಹೇಳಿದರೆ? ಕೂಸಿನ ಬಾಯಿಗೆ ಖಾರ ಮೆತ್ತಿದ ಅಜ್ಜಿ ಎಂದು ಬೀದಿಯೆಲ್ಲ ನಗುತ್ತದೆ. ಸೊಸೆಯ ಮುಖ ನೋಡುವುದು ಹೇಗೆ? ಎದುರಿಗೆ ವನಜಾಕ್ಷಿ ಕೂಸಿನ ಕಿವಿಯಲ್ಲಿ, ನಂದೇ ತಪ್ಪು ಕಂದಾ, ನಂದೇ ತಪ್ಪು ಎಂದು ಪಿಸುಗುಡುತ್ತಿದ್ದಳು. ಲಕ್ಕಮ್ಮನಿಗೆ ಕಣ್ಣಿನ ಉರಿಗಿಂತ ಆ ಮಾತು ಹೆಚ್ಚು ಉರಿಯಿತು. ಆದರೂ ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿದರು, ತುಟಿ ಮಡಚಿ ನೋಡಿದರು, ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟರು. ಮೀನು ಎಷ್ಟು, ಯಾವಾಗ, ಕೆಂಪಾದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ವನಜಾಕ್ಷಿ ಒಂದೊಂದನ್ನೇ ಹೇಳಿದಳು.

"ಬೇರೆ ಏನಾದ್ರೂ ಕೊಟ್ರಾ? ಹಚ್ಚಿದ್ರಾ? ಯೋಚನೆ ಮಾಡಿ ಹೇಳಿ. ಇದರ ಮೇಲೇ ನಾನು ಏನು ಮಾಡ್ಬೇಕು ಅನ್ನೋದು ತೀರ್ಮಾನ ಆಗೋದು."

"ಏನೂ ಇಲ್ಲ ಮೇಡಂ," ಎಂದಳು ವನಜಾಕ್ಷಿ.

ಲಕ್ಕಮ್ಮ ತನ್ನ ಅಂಗೈಯನ್ನು ಮೇಜಿನ ಮೇಲೆ ಚಾಚಿದಳು.

"ಐತೆ ಕಣಮ್ಮ. ದಿಷ್ಟಿ ತೆಗುದ್ಬುಟ್ಟು ಇದೇ ಕೈನಾಗೆ ಬಾಯಿ ಒರ್ಸಿವ್ನಿ. ಮೆಣ್ಸಿನ್ಕಾಯಿ ಕೈ. ನೋಡು, ನನ್ ಕಣ್ಣೂ ಅಂಗೇ ಆಗೈತೆ."

ವನಜಾಕ್ಷಿ ಅತ್ತೆಯ ಕಡೆ ತಿರುಗಿದಳು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ನರ್ಸಮ್ಮನನ್ನು ಕರೆದು ಕೂಸಿನ ಮುಖವನ್ನು ಮೆಲ್ಲಗೆ, ಚೆನ್ನಾಗಿ ತೊಳೆಸಿದರು. ಅಜ್ಜಿಯ ಕೈಗೆ ಸೋಪು, ಕಣ್ಣಿಗೆ ನೀರು. ಆಮೇಲೆ ಕೂಸನ್ನು ಅಲ್ಲೇ ಇಟ್ಟುಕೊಂಡು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಕೆಂಪು ಇಳಿಯಿತು. ನೀರಕ್ಕ ಅಮ್ಮನ ಹಾಲು ಕುಡಿದು ಮಲಗಿತು.

"ಅಜ್ಜಿ, ನೀವು ಹೇಳ್ದೇ ಇದ್ದಿದ್ರೆ ಇದು ಮೀನಿನ ಅಲರ್ಜಿ ಅಂತ್ಲೇ ನಾನು ಹಿಡೀಬೇಕಿತ್ತು," ಎಂದರು ಡಾಕ್ಟರಮ್ಮ. "ಮಗು ಸುಮ್ ಸುಮ್ನೆ ಒಂದು ಒಳ್ಳೇ ಆಹಾರ ಕಳ್ಕೋತಿತ್ತು. ಹಾಗಂತ ಮೀನು ಆಗುತ್ತೆ ಅಂತ್ಲೂ ನಾನು ಈಗ ಹೇಳಲ್ಲ. ನಮಗೆ ಇನ್ನೂ ಗೊತ್ತಿಲ್ಲ. ಮುಖ ಪೂರ್ತಿ ವಾಸಿಯಾಗ್ಲಿ. ಮುಂದಿನ ಸಲ ಇಲ್ಲೇ ತಂದು, ನಮ್ಮ ಕಣ್ಣೆದುರೇ ತಿನ್ನಿಸಿ."

ಖಾರಕ್ಕೆ ಅಂತ ಗೊತ್ತಿಲ್ಲದೆ ಗಾಬರಿಬಿದ್ದು ಓಡಿ ಬಂದೆವಲ್ಲ ಎಂದು ಚಂದ್ರಶೇಖರ್ ಸಂಕೋಚಪಟ್ಟ. ಬಂದದ್ದೇ ಸರಿ, ಮನೆಯಲ್ಲಿ ಕೂತು ಇದು ಖಾರವೋ ಅಲರ್ಜಿಯೋ ಎಂದು ಊಹೆ ಮಾಡುವುದು ಯಾರ ಕೆಲಸವೂ ಅಲ್ಲ ಎಂದರು ಅವರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರೂ ವನಜಾಕ್ಷಿ ಕೂಸನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಊರು ಹತ್ತಿರವಾದಾಗ ವನಜಾಕ್ಷಿ ಕೂಸನ್ನು ಎತ್ತಿ ಲಕ್ಕಮ್ಮನ ಮಡಿಲಿಗೆ ಹಾಕಿದಳು. "ಹಿಡ್ಕಳಿ ಅತ್ತೆ, ಕೈ ತೊಳ್ದೈತಲ್ಲ," ಎಂದಳು. ಲಕ್ಕಮ್ಮ ಕೂಸಿನ ತಲೆಯ ಮೇಲೆ ತನ್ನ ಗಲ್ಲವಿಟ್ಟು ಕೂತಳು, ಮುಖ ಕಿಟಕಿಯ ಕಡೆಗೆ ತಿರುಗಿಸಿ.

ಎರಡನೆಯ ಸಲ ಆಸ್ಪತ್ರೆಯ ಬೆಂಚಿನ ಮೇಲೆ. ಮೀನನ್ನು ಈ ಸಲ ಉಜ್ಜಿದವಳು ಲಕ್ಕಮ್ಮನೇ. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಬೆರಳುಗಳು, ಕೂದಲಿನಂಥ ಮುಳ್ಳನ್ನೂ ಬಿಡಲಿಲ್ಲ. ಉಗುರು ಕತ್ತರಿಸಿ, ಕೈಗೆ ಸೋಪು ಹಾಕಿ ತೊಳೆದು ಬಂದಿದ್ದಳು. ಚಂದ್ರಶೇಖರ್ ಹೊರಗಿನ ಬೇವಿನ ಮರದಡಿ. ವನಜಾಕ್ಷಿ ಕಡಲೆಕಾಳಿನಷ್ಟನ್ನು ಕೂಸಿನ ಬಾಯಿಗಿಟ್ಟಳು. ಲಕ್ಕಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

ಗಡಿಯಾರದ ಮುಳ್ಳು ಮೀನಿನ ಮುಳ್ಳಿಗಿಂತ ಹೆಚ್ಚು ಚುಚ್ಚಿತು. ಒಮ್ಮೆ ನೀರಕ್ಕ ಕೆಮ್ಮಿತು. ಎಲ್ಲರೂ ಎದ್ದು ನಿಂತರು. ಕಿಟಕಿಯಿಂದ ಚಂದ್ರಶೇಖರನ ಮುಖ ಕಂಡಿತು. ನರ್ಸಮ್ಮ ಬಂದು ಬೆನ್ನು ಮುಟ್ಟಿದರು, ಎದೆಗೆ ಕಿವಿಗೊಟ್ಟರು. ಕೂಸು ಒಂದು ಗುಳ್ಳೆ ಜೊಲ್ಲು ಊದಿ, ಎಲ್ಲರನ್ನೂ ಸರದಿಯಲ್ಲಿ ನೋಡಿ, ಬಟ್ಟಲಿನ ಕಡೆ ಕೈ ಚಾಚಿತು. ತುಟಿ ತುಟಿಯಾಗಿಯೇ ಇತ್ತು. ಹೊಟ್ಟೆ, ಬೆನ್ನು ನೊರೆಹಾಲಿನ ಹಾಗೆ ನುಣ್ಣಗಿದ್ದವು. ಎರಡು ಗಂಟೆ ದಾಟಿತು. ಡಾಕ್ಟರಮ್ಮ ಮತ್ತೊಮ್ಮೆ ನೋಡಿ ತಲೆಯಾಡಿಸಿದರು.

"ಇನ್ನೊಂಚೂರು ಕೊಡ್ಬೋದಾ?" ಎಂದು ಕೇಳಿದವಳು ಲಕ್ಕಮ್ಮ.

ಇವತ್ತಿಗೆ ಸಾಕು, ಎರಡು ಮೂರು ದಿನ ಬೇರೆ ಹೊಸದೇನೂ ಕೊಡದೆ ನೋಡಿ, ಏನೂ ಆಗದಿದ್ದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಎಂಬ ಉತ್ತರ ಬಂತು. ಹಾಗೇ ಮಾಡಿದರು. ಈಗ ವಾರಕ್ಕೊಮ್ಮೆ ತರನ್ನುಮಳ ಒಲೆಯ ಮೇಲೆ ನೀರಕ್ಕನ ಪಾಲು ಬೇಯುತ್ತದೆ. ತಿನ್ನಿಸಿದ ಬಟ್ಟಲು ಬೇರೆ, ತೊಳೆಯುವ ಜಾಗ ಬೇರೆ, ಕೈ ತೊಳೆಯದೆ ಯಾರೂ ಚಂದ್ರಶೇಖರನನ್ನು ಮುಟ್ಟುವುದಿಲ್ಲ. ದಿಷ್ಟಿಯನ್ನು ಲಕ್ಕಮ್ಮ ಬಿಟ್ಟಿಲ್ಲ. ಬರೀ ನೀರಲ್ಲಿ ತೆಗೆಯುತ್ತಾಳೆ.

ಅಕ್ಕಂದಿರೇ, ಅಜ್ಜಿಯರೇ, ಕೂಸಿಗೆ ತುತ್ತಿಡುವ ಅಣ್ಣಂದಿರೇ, ನಿಮ್ಮ ಮನೆಯ ಕೂಸಿಗೂ ಆರು ತಿಂಗಳು ತುಂಬಿದೆಯೇ? ತಾಯಿಹಾಲು ನಿಲ್ಲಿಸದೆ ಬೇಳೆ, ಸೊಪ್ಪು, ಮೊಟ್ಟೆ ಕೊಡಿ. ನೀವು ಮೀನು ತಿನ್ನುವವರಾದರೆ ಮೀನನ್ನೂ ಕೊಡಿ. ತಾಜಾ ಮೀನಿರಲಿ, ಚೆನ್ನಾಗಿ ಬೆಂದಿರಲಿ, ಮುಳ್ಳೊಂದೂ ಉಳಿಯದಂತೆ ಬೆರಳಲ್ಲಿ ಉಜ್ಜಿ ಮೆತ್ತಗೆ ಮಾಡಿರಲಿ. ಉಪ್ಪುಹಾಕಿ ಒಣಗಿಸಿದ ಮೀನು, ಖಾರದ ಸಾರು, ಕರಿದ ತುಂಡು ಕೂಸಿನದಲ್ಲ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ. ಮನೆಯಲ್ಲಿ ಯಾರಿಗಾದರೂ ಯಾವುದಾದರೂ ಆಹಾರ ಆಗದಿದ್ದರೆ, ಕೂಸಿಗೆ ಇಸುಬಿದ್ದರೆ, ಮೊದಲು ಡಾಕ್ಟರನ್ನು ಕೇಳಿ. ಹಗಲಲ್ಲಿ, ಒಂದು ಸಲಕ್ಕೆ ಒಂದೇ ಹೊಸದು, ಕಡಲೆಕಾಳಿನಷ್ಟು. ಆಮೇಲೆ ಕಣ್ಣಿಟ್ಟು ಕಾಯಿರಿ. ಊತ, ದದ್ದು, ಬಿಡದ ವಾಂತಿ, ಉಸಿರಿನ ಒದ್ದಾಟ ಕಂಡರೆ 108. ಬಾಯಿಗೆ ಏನನ್ನೂ ಹಾಕಬೇಡಿ.

ಡಾಕ್ಟರು ಏನು ಕೊಟ್ಟಿರಿ, ಏನು ಮುಟ್ಟಿಸಿದಿರಿ ಎಂದು ಕೇಳಿದಾಗ ಎಲ್ಲವನ್ನೂ ಹೇಳಿ, ನಾಚಿಕೆಯಾದರೂ ಹೇಳಿ. ಏನಾಯಿತೆಂದು ಹೇಳಲು ಕೂಸಿಗೆ ಮಾತು ಬರುವುದಿಲ್ಲ. ಅದರ ಪಾಲಿನ ಮಾತು ನಿಮ್ಮ ಬಾಯಲ್ಲಿದೆ.